ಶಾಂತ ಅನ್ನೋ ಬಟನ್ನು

ಹೋದ ತಿಂಗಳು ಕುಂದಗೋಳದಲ್ಲಿ ಒಂದು ಮದುವೆಗೆ ಹೋಗಿದ್ದೆ. ಅಕ್ಕಿಕಾಳು ಬಿದ್ದಾಗಿತ್ತು, ಮಂದಿ ಊಟದ ಕಡೆ ಹೊರಳಿದ್ದರು. ವೇದಿಕೆಯ ಬಾಜುವಿಗೆ ಒಂದು ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಮುಂದೆ ಕಪ್ಪು ಅಂಗಿಯ ಆಪರೇಟರ್. ಹಿಂದಿನ ದೊಡ್ಡ ಎಲ್ಇಡಿ ಪರದೆಯ ಮೇಲೆ ಗುಲಾಬಿ ದಳಗಳು ಉದುರುತ್ತಿದ್ದವು. ಎಲ್ಲರೂ ದಳ ನೋಡಿದರೆ ನಾನು ಲ್ಯಾಪ್‌ಟಾಪ್ ನೋಡಿದೆ. ಬೂದಿ ಬಣ್ಣದ ಹಿನ್ನೆಲೆ, ಎಡಕ್ಕೆ ಹದಿನಾರು ಮೆಟ್ಟಿಲಿನ ಒಂದು ಏಣಿ, ಬಲಕ್ಕೆ ಕೆಳಗೆ ಅಗಲವಾದ ಕೆಂಪು ಬಟನ್ನು. ಅದರ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಶಾಂತ’ ಎಂದಿತ್ತು. ನಾನು ಅದನ್ನು ಕನ್ನಡದಲ್ಲಿ ಬರೆದಿದ್ದೆ. ಅದನ್ನೂ ಬದಲಿಸಿದ್ದಾರೆ.

“ಇದೇನ್ರಿ ಈ ಬಟನ್ನು?” ಏನೂ ತಿಳಿಯದವಳಂತೆ ಕೇಳಿದೆ.

“ಅದಾ? ಲೈಟ್ ಬಂದ್ ಮಾಡೂದ್ರಿ. ಈ ಸಾಫ್ಟ್‌ವೇರ್ ಮಾಡಿದಾಕಿ ಹೆಸರು ಶಾಂತಾ ಅಂತ. ತನ್ನ ಹೆಸರ ಹಾಕ್ಕೊಂಡಾಳ ನೋಡ್ರಿ,” ಎಂದು ನಕ್ಕ.

ನನ್ನ ಹೆಸರು ಸುಜಾತಾ. ಹೇಳಿಬಿಡಬೇಕು ಅನ್ನಿಸಿತು: ಶಾಂತಾ ಅನ್ನೋ ಹೆಣ್ಣುಮಗಳು ಯಾರೂ ಇಲ್ಲಪ್ಪಾ, ಅದು ದೀಪಕ್ಕೆ ಹೇಳುವ ಮಾತು, ದೀಪವನ್ನು ‘ಆರಿಸು’ ಅನ್ನಬಾರದು ಅಂತ ‘ಶಾಂತ ಮಾಡು’ ಅನ್ನುತ್ತೇವೆ, ನಿಮ್ಮ ಅಜ್ಜಿ ಏನನ್ನುತ್ತಿದ್ದಳು? ಅಷ್ಟರಲ್ಲಿ ಅವನ ಮೊಬೈಲ್ ಬಡಿದುಕೊಂಡಿತು, ಎದ್ದು ಹೋದ. ನಾನು ಆ ಕೆಂಪು ಬಟನ್ನನ್ನೇ ನೋಡುತ್ತ ನಿಂತೆ. ಮೈಯೆಲ್ಲ ಉರಿಯಿತು. ಮೂರು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ. ಇಳಿಯಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಆ ವರ್ಷ ಹಿಂಗಾರಿ ಚಲೋ ಬಂದಿತ್ತು. ಅಣ್ಣಿಗೇರಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಒಂದು ಖೋಲಿಯಲ್ಲಿ ನಾನು ಕೆಲಸ ಮಾಡುತ್ತಿದ್ದೆ. ಡಿಪ್ಲೊಮಾ ಮುಗಿಸಿ, ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ಅವರಿವರ ಕೈಕೆಳಗೆ ದುಡಿದು, ಇನ್ನು ನನ್ನ ಕೆಲಸ ನಾನೇ ಮಾಡುತ್ತೇನೆ ಎಂದು ಬಂದು ಕೂತಿದ್ದೆ. ಗಿರಣಿ ಶುರುವಾದರೆ ನೆಲ ನಡುಗುತ್ತಿತ್ತು, ಲ್ಯಾಪ್‌ಟಾಪಿನ ಮೇಲೆ ಜೋಳದ ಹಿಟ್ಟು ಕೂರುತ್ತಿತ್ತು. ಆ ಗದ್ದಲದಲ್ಲೇ ಒಂದು ದಿನ ಹುಬ್ಬಳ್ಳಿಯ ಇವೆಂಟ್ ಕಂಪನಿಯೊಂದರ ಮ್ಯಾನೇಜರ್, ಪ್ರವೀಣ ಅನ್ನುವವರು, ಮೆಟ್ಟಿಲು ಹತ್ತಿ ಬಂದರು.

ಅವರ ತೊಂದರೆ ಸರಳವಾಗಿತ್ತು. ದೀಪಗಳಿಗೆ ಒಂದು ಯಂತ್ರ, ಪರದೆಗೆ ಇನ್ನೊಂದು, ಕ್ಯಾಮೆರಾಗಳಿಗೆ ಮತ್ತೊಂದು. ಮೂವರು ಮೂರು ಕಡೆ ಕೂತು ಒಬ್ಬರಿಗೊಬ್ಬರು ಕೂಗಾಡುವುದು. ಮದುಮಗ ಮಾಲೆ ಹಾಕಿ ಅರ್ಧ ನಿಮಿಷವಾದ ಮೇಲೆ ಪರದೆಯಲ್ಲಿ ಹೂ ಬೀಳುವುದು.

“ಎಲ್ಲಾ ಒಂದ ಲ್ಯಾಪ್‌ಟಾಪ್‌ನ್ಯಾಗ ಬರಬೇಕ್ರಿ ಮೇಡಂ. ಒಂದು ಬಟನ್ ಒತ್ತಿದ್ರ ಲೈಟೂ ಹೊರಳಬೇಕು, ಸ್ಕ್ರೀನೂ ಹೊರಳಬೇಕು,” ಅಂದರು.

ಆಗಲಿ ಅಂದೆ. ಮೊದಲ ದೊಡ್ಡ ಕಾರ್ಯಕ್ರಮ ಒಂದು ಸರ್ಕಾರಿ ಶಾಲೆಯ ಶತಮಾನೋತ್ಸವ. ಊರಿನ ಹೆಸರು ಬರೆಯುವುದಿಲ್ಲ. ಮೊರಬ ದಾಟಿ ಇನ್ನಷ್ಟು ಮುಂದೆ, ಎರೆ ಹೊಲಗಳ ನಡುವೆ ಇದೆ ಅಂದರೆ ಸಾಕು. ಹೆಸರು ಬರೆದರೆ ಅಲ್ಲಿನ ಒಳ್ಳೆಯವರ ತಲೆಯ ಮೇಲೂ ದೂರು ಬರುತ್ತದೆ, ಒಳ್ಳೆಯವರು ಅಲ್ಲಿ ಬೇಕಾದಷ್ಟಿದ್ದಾರೆ. ಶತಮಾನೋತ್ಸವದ ಸಂಜೆ ಹಳೆಯ ವಿದ್ಯಾರ್ಥಿಗಳೇ ಸೇರಿ ಒಂದು ನಾಟಕ ಆಡುವುದಿತ್ತು. ಅದರ ಬೆಳಕು, ಪರದೆ ಎಲ್ಲ ಕಂಪನಿಗೆ. ಕಂಪನಿಯ ಸಾಫ್ಟ್‌ವೇರು ನನ್ನದು. “ನಮ್ಮೂರಾಗ ಒಬ್ರು ಲೈಟಿನ ಕಾಕಾ ಅದಾರ, ನಾಲ್ವತ್ತು ವರ್ಷದಿಂದ ಸಾಲಿ ಗ್ಯಾದರಿಂಗ್ ಬೆಳಕು ಅವರದ. ಅವರ್ನ ಕೇಳಿ ಮಾಡ್ರಿ,” ಎಂದು ಕಮಿಟಿಯವರು ಮೊದಲ ದಿನವೇ ಹೇಳಿದ್ದರು. ಆವಾಗ ಅವರ ಬಾಯಲ್ಲಿ ಕಾಕಾ ಇದ್ದರು.

ಚನ್ನಪ್ಪ ಕಾಕಾ ಬದುಕಿಗೆ ಪಂಪ್‌ಸೆಟ್ ಮೋಟಾರಿನ ವೈಂಡಿಂಗ್ ಮಾಡಿದವರು. ಎಪ್ಪತ್ತು ದಾಟಿತ್ತು. ಬಿಳಿ ಟೊಪಗಿ, ಬೆರಳ ತುದಿಯಲ್ಲಿ ತಾಮ್ರದ ತಂತಿ ಕೊಯ್ದ ಗೆರೆಗಳು. ಹಿಂದೆಲ್ಲ ದೀಪ ಏರಿಸಿ ಇಳಿಸುವುದಕ್ಕೆ ಅವರ ಬಳಿ ಇದ್ದದ್ದು ಉಪ್ಪುನೀರಿನ ಕೊಳವೆ. ಚೀನಿಮಣ್ಣಿನ ಪೈಪಿನಲ್ಲಿ ಉಪ್ಪುನೀರು, ಅದರೊಳಗೆ ದಾರಕ್ಕೆ ಕಟ್ಟಿದ ಲೋಹದ ತುಂಡು. ತುಂಡು ಕೆಳಗಿಳಿದರೆ ಬೆಳಕು ಏರುತ್ತದೆ, ಮೇಲೆಳೆದರೆ ಇಳಿಯುತ್ತದೆ. ನೀರು ಕುದಿಯುತ್ತಿತ್ತಂತೆ, ಕೈ ಸುಡುತ್ತಿತ್ತಂತೆ. ಹಾಗೆ ಬೆಳಕನ್ನು ಕೈಯಲ್ಲಿ ಹಿಡಿದು ಎಳೆದು ಬಿಟ್ಟು ಮಾಡಿದವರ ಮುಂದೆ ನಾನು ಲ್ಯಾಪ್‌ಟಾಪ್ ತೆಗೆದಿಟ್ಟೆ.

ಮೊದಲ ಸಲ ನಾನು ಎಲ್ಲವನ್ನೂ ಗಡಿಯಾರಕ್ಕೆ ಕಟ್ಟಿದ್ದೆ. ಇಷ್ಟು ನಿಮಿಷಕ್ಕೆ ಈ ಬೆಳಕು, ಇಷ್ಟು ನಿಮಿಷಕ್ಕೆ ಆ ಚಿತ್ರ. ಕಾಕಾ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಏನ್ ತಂಗಿ, ನಮ್ಮ ನಾಟಕ ಏನು ಹುಬ್ಬಳ್ಳಿ ಬಸ್ಸನು? ಅದೂ ಹೊತ್ತಿಗೆ ಬರೂದಿಲ್ಲ ಬಿಡು. ನಡಕ ಒಬ್ಬಾಂವ ಆಯೇರಿ ಮಾಡಾಕ ಹತ್ತತಾನ, ಹೀರೋಗ ಟವೆಲ್ ಹೊಚ್ಚತಾನ, ಮೈಕ್‌ನ್ಯಾಗ ಅವನ ಹೆಸರು, ಅವರಪ್ಪನ ಹೆಸರು, ಎಲ್ಲಾ ಹೇಳಬೇಕು. ಅಲ್ಲೀತನಾ ಸಾಯಾಕ ಬಿದ್ದಾಂವ ಬಿದ್ದಲ್ಲೇ ಬಿದ್ದಿರತಾನ. ನಿನ್ನ ಗಡಿಯಾರ ಏನ್ ಮಾಡತೈತಿ?”

ಗಡಿಯಾರ ಕಿತ್ತು ಹಾಕಿದೆ. ಆಮೇಲೆ ಒಂದೂವರೆ ತಿಂಗಳು, ಪ್ರತಿ ಭಾನುವಾರ ಮತ್ತು ಶಾಲೆ ಬಿಟ್ಟ ಮೇಲಿನ ಸಂಜೆಗಳಲ್ಲಿ, ಬಸ್ಸಿಗೆ ಮೊರಬಕ್ಕೆ ಹೋಗಿ ಅಲ್ಲಿಂದ ಸಿಕ್ಕ ಟ್ರ್ಯಾಕ್ಟರ್ ಹತ್ತಿ ತಾಲೀಮಿಗೆ ಹೋದೆ. ಶಾಲೆಯ ಸಭಾಂಗಣದ ಕಿಟಕಿಗಳಿಗೆ ತಾಡಪತ್ರಿ ಕಟ್ಟಿ ಹಗಲನ್ನೇ ಕತ್ತಲೆ ಮಾಡಿಕೊಳ್ಳುತ್ತಿದ್ದೆವು. ಹೊರಗೆ ಕಡಲೆ ಕಾಯಿ ಕಟ್ಟಿತ್ತು. ಬಂದವರೆಲ್ಲ ಸುಲಗಾಯಿಯ, ಅಂದರೆ ಹಸಿ ಕಡಲೆಯ, ಗಿಡ ಕಿತ್ತು ತರುವವರೇ, ನನ್ನ ಮೇಜಿನ ಮೇಲೆ ಒಂದು ಹಿಡಿ ಹಾಕುವವರೇ. ಗಿಡದ ಹುಳಿ ಬೆರಳಿಗೆ ಹತ್ತಿ, ಬೆರಳಿನಿಂದ ಕೀಬೋರ್ಡಿಗೆ ಹತ್ತಿ ಅಕ್ಷರಗಳು ಅಂಟುತ್ತಿದ್ದವು. ಸಂಜೆಯ ಗಾಳಿ ಚಳಿ ಚಳಿ. ಅಷ್ಟು ಸುಖವಾಗಿ ನಾನು ಇನ್ಯಾವ ಕೆಲಸವನ್ನೂ ಮಾಡಿಲ್ಲ. ಅದಕ್ಕೇ ಸಿಟ್ಟು ಇಷ್ಟು.

ಕಾಕಾ ಬೆಳಕನ್ನು ಆಣೆಯಲ್ಲಿ ಅಳೆಯುತ್ತಿದ್ದರು. ಪೂರ್ತಿ ಬೆಳಕು ಹದಿನಾರಾಣೆ. “ಇಲ್ಲಿ ಎಂಟಾಣೆ ಇಡು. ಆಕೀ ಮಾತು ಮುಗದ ಮ್ಯಾಲೆ ನಾಕಾಣೆ ಇಳಸು.” ನನ್ನ ಸಾಫ್ಟ್‌ವೇರಿನಲ್ಲಿ ಪ್ರತಿ ದೀಪಕ್ಕೂ ಸೊನ್ನೆಯಿಂದ ಇನ್ನೂರ ಐವತ್ತೈದರವರೆಗೆ ಒಂದು ಸಂಖ್ಯೆ, ಒಟ್ಟು ಇನ್ನೂರ ಐವತ್ತಾರು ಹಂತ. ಒಂದು ಸಂಜೆ ಲೆಕ್ಕ ಹಾಕಿದೆ: ಹದಿನಾರು ಹದಿನಾರಲೆ ಇನ್ನೂರ ಐವತ್ತಾರು. ಅವರ ಒಂದಾಣೆಗೆ ನನ್ನ ಹದಿನಾರು ಹಂತ, ಅಗದಿ ಬರೋಬ್ಬರಿ. ನಾನು ಕುಣಿದಾಡಿಬಿಟ್ಟೆ. ಕಾಕಾ ಮಾತ್ರ “ಆಗಬೇಕಲ್ಲಾ ಮತ್ತ” ಅಂದರು. ಆ ಹದಿನಾರು ಮೆಟ್ಟಿಲಿನ ಏಣಿಯನ್ನು ಅವತ್ತೇ ಬರೆದೆ. ಕೆಳಗಿನ ಕೆಂಪು ಬಟನ್ನಿಗೆ ‘ಕತ್ತಲೆ’ ಅಂತ ಹಾಕಿದ್ದೆ. ಕಾಕಾ ಒಪ್ಪಲಿಲ್ಲ. “ದೀಪಕ್ಕ ಹಂಗನಬಾರದವಾ. ಶಾಂತ ಅಂತ ಹಾಕು. ಒಮ್ಮಿಗೇ ಹೋಗಬಾರದು, ಒಂದು ಉಸಿರು ಬಿಡೂ ಅಷ್ಟ ಹೊತ್ತಿನ್ಯಾಗ ಹೋಗಬೇಕು.” ಹಾಗೇ ಮಾಡಿದೆ.

ನಾಟಕದಲ್ಲಿ ತಾಯಿಯ ಪಾತ್ರ ಕಮಲಾ ಅಕ್ಕೋರದು. ಅಕ್ಕೋರು ಅಂದರೆ ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಗಳು. ಮೂವತ್ತು ವರ್ಷ ಅದೇ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ವಯಸ್ಸು ಎಂಬತ್ತರ ಹತ್ತಿರ. ಊರಿನ ಅರ್ಧ ಮಂದಿಯ ಕಿವಿ ಹಿಂಡಿದವರು. ನಾಟಕವನ್ನು ಆ ಶಾಲೆಯ ಹಳೆಯ ಮಾಸ್ತರೊಬ್ಬರು ಬಹಳ ಹಿಂದೆ ಬರೆದಿದ್ದರು. ಬಡ ತಾಯಿಯೊಬ್ಬಳು ಮಗಳನ್ನು ಶಾಲೆಗೆ ಹಚ್ಚಲು ಬಂದು ಊರ ಹಿರಿಯರ ಎದುರು ನಿಂತು ಜಗಳಾಡಿ ಗೆಲ್ಲುವ ಕಥೆ. ಗ್ಯಾದರಿಂಗಿನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಆ ತಾಯಿಯಾಗಿ ಅಕ್ಕೋರನ್ನು ನೋಡದವರು ಊರಲ್ಲಿಲ್ಲ. ಶತಮಾನೋತ್ಸವಕ್ಕೆ ಅವರೇ ಆಡಬೇಕು ಅಂತ ಎಲ್ಲರ ಹಟ.

ಆದರೆ ಅಕ್ಕೋರಿಗೆ ಮರೆವು ಶುರುವಾಗಿತ್ತು. ಅವರಿಗೇ ಅದು ಗೊತ್ತಿತ್ತು. ಮೊದಲ ತಾಲೀಮಿನ ದಿನವೇ ಕಮಿಟಿಯ ಅಧ್ಯಕ್ಷರ ಎದುರು ಕರಾರು ಹಾಕಿದರು.

“ನೋಡಪಾ, ಬೆಳಕಿಗೆ ಚನ್ನಪ್ಪ ಕುಂತ್ರ ನಾ ಸ್ಟೇಜ್ ಹತ್ತತೀನಿ. ಇಲ್ಲಂದ್ರ ಇಲ್ಲ. ನನ್ನ ಮರವು ನಾಕ ಮಂದಿ ಮುಂದ ಬಿಚ್ಚಿ ತೋರಸಾಕ ನಾ ತಯಾರಿಲ್ಲ.”

“ಅದಕೇನ್ರಿ ಅಕ್ಕೋರ, ಚನ್ನಪ್ಪ ಕಾಕಾ ಇರತಾರ,” ಎಂದರು ಅಧ್ಯಕ್ಷರು. ಅವರೂ ಅಕ್ಕೋರ ಶಿಷ್ಯರೇ.

ಈ ಕರಾರಿನ ಅರ್ಥ ನನಗೆ ಎರಡನೆಯ ವಾರ ಗೊತ್ತಾಯಿತು. ಲ್ಯಾಪ್‌ಟಾಪಿನ ಮುಂದೆ ಕಾಕಾ ಕೂತಿದ್ದರು, ಅಕ್ಕೋರು ಮಾತಿನ ನಡುವೆ ಇದ್ದರು. ಇದ್ದಕ್ಕಿದ್ದಂತೆ ಬೆಳಕು ಅವರ ಮೇಲಿಂದ ಮೆಲ್ಲಗೆ ಇಳಿಯಿತು, ಆರಾಣೆಗೆ ಬಂತು. ಅದೇ ಹೊತ್ತಿಗೆ ಮೂಲೆಯಲ್ಲಿ ಹಾರ್ಮೋನಿಯಂ ಹಿಡಿದು ಕೂತಿದ್ದ ಪೇಟಿ ಮಾಸ್ತರರ ಮೇಲೆ ಬೆಳಕು ಏರಿತು. ಮಾಸ್ತರರು ಅದೇ ಕಾಯುತ್ತಿದ್ದವರಂತೆ ಪೇಟಿ ಎಳೆದು ಒಂದು ಸಣ್ಣ ರಾಗ ಹಿಡಿದರು. ನಾವೆಲ್ಲ ಅತ್ತ ನೋಡಿದೆವು. ಅರೆಗತ್ತಲಲ್ಲಿ ಅಕ್ಕೋರು ಒಂದು ಸುತ್ತು ನಡೆದು, ಮಾತು ನೆನಪಿಸಿಕೊಂಡು ಬಂದರು. ಬೆಳಕು ಮತ್ತೆ ಅವರ ಮೇಲೆ ಬಂತು. ನೋಡುವವರಿಗೆ ನಾಟಕವೇ ಹಾಗಿದೆ ಅನ್ನಿಸಬೇಕು.

“ನಿಮಗ ಹೆಂಗ ಗೊತ್ತಾತ್ರಿ ಅವರು ಮರತದ್ದು?” ಕೇಳಿದೆ.

“ಮರಿಯೂಕಿಂತ ಮೊದಲ ಅವರ ಬಲಗೈ ಸೆರಗಿನ ಚುಂಗು ಹುಡಕತೈತಿ. ಕೈ ನೋಡಬೇಕು, ಮಾರಿ ನೋಡಬಾರದು. ಮಾರಿ ನೋಡೂದ್ರಾಗ ಹೊತ್ತಾಗಿರತೈತಿ.”

ಅದನ್ನೂ ಒಂದು ಬಟನ್ ಮಾಡಿಕೊಡುತ್ತೇನೆ ಎಂದೆ. ಕಾಕಾ ತಲೆ ಅಲ್ಲಾಡಿಸಿದರು. “ಬ್ಯಾಡ. ಬಟನ್ ಮಾಡಿದ್ರ ಬಟನ್ ಐತೆಲ್ಲಾ ಅಂತ ಕೈ ನೋಡೂದು ಬಿಟ್ಟಬಿಡತಾರ.”

ಡಿಸೆಂಬರ್ ಕೊನೆಗೆ ಪ್ರವೀಣ ಮತ್ತೆ ಗಿರಣಿಯ ಮೆಟ್ಟಿಲು ಹತ್ತಿ ಬಂದರು. ಮುಖ ಸಣ್ಣದಾಗಿತ್ತು. ದುಮ್ಮವಾಡದ ಕಡೆ ಒಂದು ಮದುವೆಯಲ್ಲಿ, ತಾಳಿ ಕಟ್ಟುವ ಹೊತ್ತಿಗೇ ಕ್ಯಾಮೆರಾದ ತಂತಿ ಯಾರದೋ ಕಾಲಿಗೆ ತೊಡರಿ, ಪರದೆ ಪೂರ್ತಿ ಕಪ್ಪಾಯಿತಂತೆ. ಹೆಣ್ಣಿನ ಅಜ್ಜಿ ಅಪಶಕುನ ಅಂತ ಅಳುತ್ತ ಕೂತಳಂತೆ, ಗಂಡಿನ ಕಡೆಯವರು ಎದ್ದು ನಿಂತರಂತೆ.

“ಮೇಡಂ, ಒಂದ ಮಾತು. ನಮ್ಮ ಸ್ಕ್ರೀನ್ ಎಂದೂ ಕಪ್ಪ ಆಗಬಾರದು. ವೈರ್ ಕಿತ್ರೂ ಆಗಬಾರದು, ಲೈಟ್ ಹೋದ್ರೂ ಆಗಬಾರದು. ಕ್ಯಾಮೆರಾದಾಗ ಕತ್ತಲಿ ಬಂತಂದ್ರ ಅದಕಿಂತ ಮೊದಲಿಂದು ಚಿತ್ರ ಹಂಗ ನಿಲ್ಲಬೇಕು.”

ನಮ್ಮ ಮಂದಿಗೆ ಇದು ಸರಿಯಾಗಿಯೇ ತೋರುತ್ತದೆ. ಶುಭಕಾರ್ಯದಲ್ಲಿ ದೀಪ ಹೋದರೆ ಎದೆ ಧಸಕ್ಕನ್ನುವ ಮಂದಿ ನಾವು. ನನಗೂ ಸರಿ ಅನ್ನಿಸಿತು. ಹನ್ನೊಂದು ಸಾಲು ಬರೆದೆ. ಕ್ಯಾಮೆರಾದ ಚಿತ್ರ ಕಪ್ಪಾದರೆ, ಕಪ್ಪಾಗುವ ಮುಂಚಿನ ಕೊನೆಯ ಬೆಳಕಿನ ಚಿತ್ರ ಪರದೆಯ ಮೇಲೆ ನಿಲ್ಲುತ್ತದೆ. ‘ಶಾಂತ’ ಒತ್ತಿದರೂ ದೀಪಗಳು ಮಾತ್ರ ಶಾಂತವಾಗುತ್ತವೆ, ಪರದೆ ಉರಿಯುತ್ತಲೇ ಇರುತ್ತದೆ. ಕಾಕಾನಿಗೆ ತೋರಿಸಿದೆ.

“ಮುಚ್ಚಾಕ ಬರಲಾರದ ಬೆಳಕು ಎದಕ್ಕವಾ?” ಅಂದರು.

ಹಳೆಯ ಕಾಲದವರು, ಪರದೆಯ ವಿಷಯ ಇವರಿಗೇನು ತಿಳಿಯುತ್ತದೆ ಅಂದುಕೊಂಡೆ. ಹೌದು, ನಾನೇ ಅಂದುಕೊಂಡೆ. ಪ್ರವೀಣನ ಮೇಲೆ, ಅಧ್ಯಕ್ಷರ ಮೇಲೆ ಸಿಟ್ಟು ಮಾಡುವ ಮೊದಲು ಇದನ್ನೂ ಬರೆದಿಡಬೇಕು.

ಕಾರ್ಯಕ್ರಮದ ದಿನ ಜನವರಿಯ ಕೊನೆ. ಶಾಲೆಯ ಮೈದಾನದಲ್ಲಿ ವೇದಿಕೆ, ಹಿಂದೆ ಎರಡಾಳೆತ್ತರದ ಪರದೆ, ಮುಂದೆ ಒಂದು ಊರು ಹಿಡಿಯುವಷ್ಟು ಕುರ್ಚಿ. ನಾಲ್ಕು ಗಂಟೆಗೆ ಚನ್ನಪ್ಪ ಕಾಕಾ ಬಂದರು. ಒಗೆದ ಧೋತರ, ಇಸ್ತ್ರಿಯ ಅಂಗಿ, ಕೈಚೀಲದಲ್ಲಿ ಒಂದು ಬ್ಯಾಟರಿ ಮತ್ತು ಬೆಳಕಿನ ಟಿಪ್ಪಣಿ ಬರೆದ ಎರಡು ನೂರು ಹಾಳೆಯ ನೋಟುಬುಕ್ಕು. ಲ್ಯಾಪ್‌ಟಾಪಿನ ಮುಂದೆ ಕಂಪನಿಯ ಆಪರೇಟರ್ ಆಗಲೇ ಕೂತಿದ್ದ. ಪ್ರವೀಣ ಎದ್ದು ಬಂದು ಕೈ ಮುಗಿದರು. ಅವರ ಹಿಂದೆ ಅಧ್ಯಕ್ಷರು, ಕೈಯಲ್ಲಿ ಶಾಲು ಮತ್ತು ಹಾರ.

“ಕಾಕಾ, ನಿಮ್ಮ ವಿದ್ಯಾ ಎಲ್ಲಾ ಮೇಡಂ ಲ್ಯಾಪ್‌ಟಾಪ್‌ನ್ಯಾಗ ಹಿಡದಾರ. ನೀವು ಹಿರ್ಯಾರು, ಈ ವಯಸ್ಸಿನ್ಯಾಗ ಯಾಕ ತ್ರಾಸು? ಮುಂದಿನ ಸಾಲಿನ್ಯಾಗ ಆರಾಮ ಕುಂತು ನೋಡ್ರಿ,” ಅಂದರು ಪ್ರವೀಣ. ಅಧ್ಯಕ್ಷರು ಶಾಲು ಹೊದಿಸಿದರು. ಯಾರೋ ಫೋಟೋ ತೆಗೆದರು.

ನಮ್ಮ ಕಡೆ ಮನುಷ್ಯನನ್ನು ಅವನ ಕೆಲಸದಿಂದ ಎಬ್ಬಿಸಲು ಜಗಳ ಆಡಬೇಕಾಗಿಲ್ಲ. ಒಂದು ಶಾಲು ಹೊದಿಸಿದರೆ ಆಯಿತು. ಹೊದಿಸಿಕೊಂಡವನು ಬೈಯುವ ಹಾಗಿಲ್ಲ, ಬೈದರೆ ಸತ್ಕಾರಕ್ಕೆ ಅವಮಾನ ಮಾಡಿದಂತೆ. ಎಂಥ ಪಾಕಡಾ, ಎಂಥ ಕಿಲಾಡಿ ಮಂದಿ!

ಕಾಕಾ ಶಾಲು ಹೊದ್ದುಕೊಂಡೇ ಕೇಳಿದರು: “ಅಕ್ಕೋರ ಕೈ ಯಾರ ನೋಡತಾರ?”

“ಆಪರೇಟರ್ ಅದಾನಲ್ರಿ. ದೊಡ್ಡ ದೊಡ್ಡ ಶೋ ಮಾಡ್ಯಾನ,” ಅಂದರು ಪ್ರವೀಣ. ಕೈ ಅಂದರೆ ಏನೆಂದು ಅವರು ಕೇಳಲೂ ಇಲ್ಲ.

ಕಾಕಾ ನನ್ನ ಕಡೆ ನೋಡಿದರು. ನಾನು ಪರದೆಯ ತಂತಿ ಬಿಗಿ ಮಾಡುವುದರಲ್ಲಿ ಮುಳುಗಿದವಳಂತೆ ಬಗ್ಗಿದೆ. ಅವರು ಶಾಲನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟರು, ನನ್ನ ಹತ್ತಿರ ಬಂದರು. “ನಾ ಇಲ್ಲಾ ಅಂತ ಅಕ್ಕೋರಿಗೆ ಹೇಳತೀಯಲ್ಲ ತಂಗಿ? ಹತ್ತೂಕಿಂತ ಮೊದಲ ಹೇಳಬೇಕು.”

“ಹೇಳತೀನ್ರಿ ಕಾಕಾ,” ಅಂದೆ. ಅವರು ಗೇಟು ದಾಟಿ ಮನೆಯ ಕಡೆ ಹೋದರು.

ಹೇಳುವುದಕ್ಕೇ ಹೊರಟಿದ್ದೆ. ಬಣ್ಣದ ಖೋಲಿಯ ಬಾಗಿಲಲ್ಲಿ ಅಧ್ಯಕ್ಷರು ಅಡ್ಡ ಬಂದರು. “ಈಗ ಹೇಳಬ್ಯಾಡ್ರಿ ಮೇಡಂ. ಹೇಳಿದ್ರ ಮುದುಕಿ ಹತ್ತೂದಿಲ್ಲ. ಬೆಂಗಳೂರು, ಪುಣೆದಿಂದ ಮಂದಿ ಬಂದೈತಿ ಅವರ್ನ ನೋಡಾಕ. ಹಂಗ ನೋಡಿದ್ರ ತಾಲೀಮಿನ್ಯಾಗ ಎಲ್ಲಾ ಸರಿ ಹೇಳ್ಯಾರಲ್ಲ. ಮುಗದ ಮ್ಯಾಲೆ ಹೇಳೂಣಂತ.” ಪ್ರವೀಣ ಅವರ ಹಿಂದೆ ನಿಂತು ನನಗೆ ಕಣ್ಣಲ್ಲೇ ಹೂಂ ಅನ್ನಿ ಅಂದರು. ತಾಲೀಮಿನಲ್ಲಿ ಎಲ್ಲ ಸರಿ ಹೇಳಿದರಂತೆ! ಎಷ್ಟು ಸಲ ಬೆಳಕು ಅವರನ್ನು ಮುಚ್ಚಿಕೊಂಡಿತ್ತು ಅನ್ನುವುದು ಮುಂದೆ ಕೂತು ನೋಡಿದ ಈ ಮನುಷ್ಯನಿಗೆ ಗೊತ್ತೇ ಆಗಿರಲಿಲ್ಲ.

ಒಳಗೆ ಅಕ್ಕೋರು ಇಳಕಲ್ ಸೀರೆ ಉಟ್ಟು, ದೊಡ್ಡ ಕುಂಕುಮ ಹಚ್ಚಿಕೊಂಡು ಕನ್ನಡಿಯ ಮುಂದೆ ಕೂತಿದ್ದರು.

“ಚನ್ನಪ್ಪ ಬಂದಾನೇನವಾ?”

“ಬಂದಿದ್ರು ಅಕ್ಕೋರ,” ಅಂದೆ.

ಬಂದಾನೇನು ಅಂದರೆ ಬಂದಿದ್ದರು ಅಂದೆ. ಸುಳ್ಳಲ್ಲ. ವ್ಯಾಕರಣದ ಸಂದಿಯಲ್ಲಿ ನುಸುಳಿಕೊಂಡು ಹೊರಗೆ ಬಂದೆ. ಮೂವತ್ತು ವರ್ಷ ವ್ಯಾಕರಣ ಕಲಿಸಿದವರ ಎದುರು. ಅವರು ಕನ್ನಡಿಯಲ್ಲೇ ನನ್ನನ್ನು ನೋಡಿ ಸಮಾಧಾನದಿಂದ ತಲೆ ಆಡಿಸಿದರು.

ನಾಟಕ ಶುರುವಾಯಿತು. ನನ್ನನ್ನು ಪರದೆಯ ಪಕ್ಕ ತಂತಿಗಳ ಹತ್ತಿರ ಕೂರಿಸಿದ್ದರು. ಲ್ಯಾಪ್‌ಟಾಪು ಎದುರಿಗೆ, ಕುರ್ಚಿಗಳ ಸಾಲಿನ ಆಚೆ. ಅರ್ಧ ಗಂಟೆ ಎಲ್ಲ ಚೆಂದ ನಡೆಯಿತು. ಕ್ಯಾಮೆರಾ ಅಕ್ಕೋರ ಮುಖವನ್ನು ಎರಡಾಳೆತ್ತರ ಮಾಡಿ ಪರದೆಯ ಮೇಲೆ ತೋರಿಸುತ್ತಿತ್ತು. ಮಂದಿ ಚಪ್ಪಾಳೆ ತಟ್ಟಿದರು, ಸಿಳ್ಳೆ ಹೊಡೆದರು. ಹಿರಿಯರೆಲ್ಲ ಸೋತು, ಕೊನೆಗೆ ಹೆಡ್ ಮಾಸ್ತರನ ಪಾತ್ರಧಾರಿ ರಜಿಸ್ಟರ್ ತೆಗೆಯುವ ದೃಶ್ಯ ಬಂತು. ಇಡೀ ನಾಟಕ ಅದಕ್ಕೇ ಕಾಯುತ್ತದೆ.

“ಹೆಸರು ಹೇಳವಾ. ನಿನ್ನ ಮಗಳ ಹೆಸರೇನು?”

ಅಕ್ಕೋರ ಬಲಗೈ ಸೆರಗಿನ ಚುಂಗು ಹುಡುಕಿತು. ನಾನು ನೋಡಿದೆ. ಅಲ್ಲಿದ್ದವರಲ್ಲಿ ನೋಡಿದವಳು ನಾನೊಬ್ಬಳೇ ಇರಬೇಕು. ಬೆಳಕು ಇಳಿಯಲಿಲ್ಲ, ಹದಿನಾರಾಣೆ ಹಾಗೇ ಉರಿಯಿತು. ಪೇಟಿ ಮಾಸ್ತರರು ಕತ್ತಲಲ್ಲಿ ಬೆಳಕಿಗಾಗಿ ಕಾಯುತ್ತ ಕೂತಿದ್ದರು. ಆಪರೇಟರ್ ಇದು ದೊಡ್ಡ ಅಭಿನಯ ಅಂದುಕೊಂಡನೋ ಏನೋ, ಕ್ಯಾಮೆರಾವನ್ನು ಇನ್ನೂ ಹತ್ತಿರ ತಂದ. ಪರದೆಯ ತುಂಬ ಅಕ್ಕೋರ ಎರಡು ಕಣ್ಣು, ಅರ್ಧ ತೆರೆದ ಬಾಯಿ. ಕಣ್ಣು ಏನನ್ನೋ ಹುಡುಕುತ್ತಿದ್ದವು, ಸಿಗುತ್ತಿರಲಿಲ್ಲ.

“ಹೆಸರೇನವಾ?” ಮಾಸ್ತರನ ಪಾತ್ರಧಾರಿ ಇನ್ನೊಮ್ಮೆ ಕೇಳಿದ. ಪಾಪ, ಅವನಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ.

ಹಿಂದಿನಿಂದ ಯಾರೋ “ನೀಲವ್ವ!” ಅಂತ ಕೂಗಿದರು. ಇನ್ಯಾರೋ ನಕ್ಕರು. ಆಮೇಲೆ ನಗು ಸಾಲು ಸಾಲಾಗಿ ಮುಂದೆ ಬಂತು. “ನೀಲವ್ವರೀ ಅಕ್ಕೋರ!” ಮೊಬೈಲುಗಳು ಮೇಲೆದ್ದವು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಗುತ್ತಿದ್ದರು. ಅಕ್ಕೋರು ನಗುವ ಮಂದಿಯ ಕಡೆ ನೋಡಲಿಲ್ಲ. ಅವರು ನೋಡುತ್ತಿದ್ದದ್ದು ದೂರದ ಲ್ಯಾಪ್‌ಟಾಪಿನ ಮೇಜಿನ ಕಡೆ. ವೇದಿಕೆಯ ದೀಪಗಳು ಕಣ್ಣಿಗೆ ಹೊಡೆಯುವಾಗ ಅಲ್ಲಿ ಕೂತವರು ಯಾರೆಂದು ಕಾಣುವುದಿಲ್ಲ.

ನಾನು ಓಡಿದೆ. ಕುರ್ಚಿಗಳ ನಡುವೆ ನುಗ್ಗಿ, ಯಾರದೋ ಕಾಲು ತುಳಿದು, ಮೇಜಿಗೆ ಹೋದೆ. “ಮ್ಯಾನೇಜರ್ ಹೇಳಲಾರದ ಮುಟ್ಟಬ್ಯಾಡ್ರಿ” ಅನ್ನುತ್ತ ಆಪರೇಟರ್ ಕೈ ಅಡ್ಡ ಹಿಡಿದ. ಅವನ ಕೈ ಸರಿಸಿದೆ. ಆರಾಣೆ, ಪೇಟಿ, ಅವೆಲ್ಲ ಹೊಂದಿಸುವ ಹೊತ್ತು ಅದಲ್ಲ. ಕೈಗೆ ಮೊದಲು ಸಿಕ್ಕಿದ್ದು ಶಾಂತ. ಒತ್ತಿದೆ.

ಒಂದು ಉಸಿರು ಬಿಡುವಷ್ಟು ಹೊತ್ತಿನಲ್ಲಿ ದೀಪಗಳೆಲ್ಲ ಶಾಂತವಾದವು. ವೇದಿಕೆ ಕತ್ತಲಾಯಿತು. ಕ್ಯಾಮೆರಾಗೆ ಕತ್ತಲು ಕಂಡಿತು. ನನ್ನ ಹನ್ನೊಂದು ಸಾಲು ಎಚ್ಚರಾದವು. ಆ ಗಾಢ ಕತ್ತಲಲ್ಲಿ, ಊರಿಗೆಲ್ಲ ಕಾಣುವ ಹಾಗೆ, ಅಕ್ಕೋರ ಅರ್ಧ ತೆರೆದ ಬಾಯಿಯ ಮುಖ ಪರದೆಯ ಮೇಲೆ ಅಲುಗಾಡದೆ ನಿಂತಿತು. ಮತ್ತೆ ಒತ್ತಿದೆ, ಮತ್ತೆ ಒತ್ತಿದೆ. ಅದು ಹೋಗಲಿಲ್ಲ. ಹೋಗದಂತೆ ಮಾಡಿದವಳೇ ನಾನು. ಆಗ ಎದ್ದ ನಗುವಿನ ಮುಂದೆ ಮೊದಲಿನದು ಏನೂ ಅಲ್ಲ. ಪೇಟಿ ಮಾಸ್ತರರು ಕತ್ತಲಲ್ಲೇ ತಡಕಾಡುತ್ತ ಹೋಗಿ ಅಕ್ಕೋರ ಕೈ ಹಿಡಿದು ಕೆಳಗಿಳಿಸಿದರಂತೆ. ಆ ಹೊತ್ತಿಗೂ ಮುಖ ಮೇಲೆ ಇತ್ತು.

ಮರುದಿನ ಬೆಳಿಗ್ಗೆ ಊರಿನ ಅರ್ಧ ಮಂದಿಯ ಸ್ಟೇಟಸ್ಸಿನಲ್ಲಿ ಅದೇ ವಿಡಿಯೋ, ಕೆಳಗೆ ನಗುವ ಗೊಂಬೆಗಳು. ಅಕ್ಕೋರ ಕೈಯಲ್ಲಿ ಅ ಆ ತಿದ್ದಿದ ಮಂದಿ! ಹತ್ತು ಗಂಟೆಗೆ ಪ್ರವೀಣ ಫೋನು ಮಾಡಿದರು. ಕ್ಷಮೆ ಕೇಳಲು ಇರಬೇಕು ಅಂದುಕೊಂಡು ಎತ್ತಿದೆ.

“ಭೇಷ್ ಮೇಡಂ! ಪೂರಾ ಲೈಟ್ ಹೋದ್ರೂ ಸ್ಕ್ರೀನ್ ಕಪ್ಪ ಆಗಲಿಲ್ಲ ನೋಡ್ರಿ. ಪಕ್ಕಾ ಕೆಲಸ.”

ನಾನು ಅಂದದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಆ ಹನ್ನೊಂದು ಸಾಲು ತೆಗೆಯಿರಿ ಅಂದೆ, ತೆಗೆಯಲಿಲ್ಲ. ಅದು ಅವರಿಗೆ ಬರೆದುಕೊಟ್ಟ ಕೆಲಸ, ಅವರ ಸ್ವತ್ತು. ಚನ್ನಪ್ಪ ಕಾಕಾನಿಗೆ ಫೋನು ಮಾಡಿದರೆ ಅವರು ಒಂದೇ ಮಾತು ಕೇಳಿದರು: “ಅಕ್ಕೋರಿಗೆ ಹೇಳಿದ್ದಿಲ್ಲೇನು?” ಇಲ್ರಿ ಅಂದೆ. ಅವರು ಫೋನು ಇಟ್ಟರು.

ಮೂರನೆಯ ದಿನ ಅಕ್ಕೋರ ಮನೆಗೆ ಹೋದೆ. ಬಿಸಿಲು ನೆತ್ತಿಗೆ ಬಂದಿತ್ತು. ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಅಕ್ಕೋರು ಗೋಡೆಗೆ ಒರಗಿ ಕೂತಿದ್ದರು. ಒಳಗೆ ಸೊಸೆ ರೊಟ್ಟಿ ಬಡಿಯುವ ಸಪ್ಪಳ. ಸೊಸೆ ಹೊರಗೆ ಬಂದು, ಅತ್ತೆ ಮೂರು ದಿನದಿಂದ ಸರಿಯಾಗಿ ಉಂಡಿಲ್ಲ ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು. ನಾನು ಕೂತೆ. ಕ್ಷಮೆಯ ಮಾತನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದೆ. ಅದಕ್ಕೆ ಅಕ್ಕೋರು ಅವಕಾಶವನ್ನೇ ಕೊಡಲಿಲ್ಲ.

“ನಾ ಚನ್ನಪ್ಪಗ ಏನ ಮಾಡಿದ್ನೆವಾ?” ಅಂದರು.

“ಅಕ್ಕೋರ...”

“ಇಷ್ಟ ವರ್ಷ ಒಮ್ಮೇನೂ ಕೈ ಬಿಟ್ಟಿದ್ದಿಲ್ಲ. ಅವತ್ತ ನಾ ಅವನ ಕಡೆನ ನೋಡಕೋತ ನಿಂತಿದ್ನೆ. ಈಗ ಇಳಸತಾನ, ಈಗ ಇಳಸತಾನ ಅಂತ. ಇಳಸಲಿಲ್ಲ. ಮಂದಿ ನಕ್ಕದ್ದು ಹೋಗಲಿ, ಮಂದಿ ಏನು, ನಗತೈತಿ. ಚನ್ನಪ್ಪ ಯಾಕ ಹಂಗ ಮಾಡಿದ?”

ಕಾಕಾ ಅಲ್ಲಿರಲಿಲ್ಲ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಆ ಊರಿನಲ್ಲಿ ಅಷ್ಟು ಮಂದಿ ಶಿಷ್ಯರು, ಅಷ್ಟು ದೊಡ್ಡ ಕಮಿಟಿ, ಒಬ್ಬರಿಗೂ ಅದು ಹೇಳಬೇಕಾದ ವಿಷಯ ಅನ್ನಿಸಿರಲಿಲ್ಲ. ಮೂರು ದಿನ ಆ ಜೀವ ಗೆಳೆಯನೇ ತನ್ನನ್ನು ನಡುನೀರಲ್ಲಿ ಬಿಟ್ಟ ಅಂದುಕೊಂಡು ಕೂತಿತ್ತು.

“ಕಾಕಾ ಇದ್ದಿಲ್ರಿ ಅಕ್ಕೋರ. ಅವರನ್ನ ಸಂಜಿಕಿಂತ ಮೊದಲ ಕಳಿಸಿಬಿಟ್ಟಿದ್ರು. ಬೆಳಕಿಗೆ ಕಂಪನ್ಯಾಂವ ಕುಂತಿದ್ದ. ಕತ್ತಲಿ ಮಾಡಿದ್ದು ನಾನ್ರಿ. ಆ ಮುಖ ಹಂಗ ನಿಲ್ಲೂ ಹಂಗ ಮಾಡಿದ್ದೂ ನಾನ.”

ಅಕ್ಕೋರು ಗೋಡೆ ಬಿಟ್ಟು ಮುಂದೆ ಬಗ್ಗಿದರು.

“ಚನ್ನಪ್ಪ ಇದ್ದಿಲ್ಲ?”

“ಇದ್ದಿಲ್ರಿ.”

“ಬಂದಾನೇನು ಅಂದ್ರ ಬಂದಿದ್ರು ಅಂದಿ ಅವತ್ತ. ಬಂದಾರ ಅನಲಿಲ್ಲ.” ಮಗಳ ಹೆಸರು ಮರೆತ ಅಕ್ಕೋರಿಗೆ ಆ ಒಂದು ಕ್ರಿಯಾಪದ ನೆನಪಿತ್ತು. “ನಿನಗ ಗೊತ್ತಿತ್ತು.”

“ಗೊತ್ತಿತ್ರಿ.”

ಅವರ ಮುಖದ ಮೇಲಿನ ಗಂಟು ಬಿಚ್ಚಿತು. ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿ ಹಣೆಗೆ ಹಚ್ಚಿಕೊಂಡರು. “ಬದಕಿದ್ನೆಪಾ ಶಿವನ. ಚನ್ನಪ್ಪ ಅಲ್ಲ. ಅಂವ ಅಲ್ಲಂದ್ರ ಸಾಕು.” ಆಮೇಲೆ ಒಳಗಿನ ಕಡೆ ಹೊರಳಿ ದನಿ ಎತ್ತಿದರು: “ಯವ್ವಾ, ಬಿಸಿ ರೊಟ್ಟಿ ಕೊಡ ಬಾ. ಹಸಿವ್ಯಾಗೇತಿ.”

ನಮ್ಮ ಕಡೆ ಊಟದ ಹೊತ್ತಿಗೆ ಮನೆಯಲ್ಲಿ ಕೂತವರನ್ನು, ಕೋರ್ಟಿನಲ್ಲಿ ದಾವೆ ಹೂಡಿದ ದಾಯಾದಿಯೇ ಆಗಿರಲಿ, ‘ಏಳ್ರಿ, ಕೈ ತೊಳಕೋರಿ’ ಅನ್ನದೆ ಬಿಡುವುದಿಲ್ಲ. ಸೊಸೆ ಬಾಗಿಲಿಗೆ ಬಂದು, ನನ್ನ ಕಡೆ ನೋಡಿ, ಅತ್ತೆಯ ಕಡೆ ನೋಡಿ, ಎಷ್ಟು ತಾಟು ಅನ್ನುವಂತೆ ನಿಂತಳು. ಅಕ್ಕೋರು ಒಂದು ಬೆರಳು ಎತ್ತಿದರು.